ಮೂರು ಬೆರಳಿನ ಕುದುರೆಗಳ ಕಾಲ
(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಶಾಲೆಯಲ್ಲಿ ಜೀವಶಾಸ್ತ್ರ ಓದಿದ ಹೆಚ್ಚಿನವರಿಗೆ ಒಂದು ಚಿತ್ರ ನೆನಪಿರುತ್ತದೆ. ಎಡಗಡೆ ನಾಯಿಯಷ್ಟು ದೊಡ್ಡ ಪ್ರಾಣಿ, ಮುಂಗಾಲಿನಲ್ಲಿ ನಾಲ್ಕು ಬೆರಳು. ಅದರ ಪಕ್ಕ ಕುರಿಯಷ್ಟು ದೊಡ್ಡದು, ಮೂರು ಬೆರಳು. ಹೀಗೆ ಮೈ ಬೆಳೆಸಿಕೊಳ್ಳುತ್ತ, ಬೆರಳು ಕಳೆದುಕೊಳ್ಳುತ್ತ ಬಂದು ಬಲತುದಿಯಲ್ಲಿ ಒಂಟಿ ಗೊರಸಿನ ಇಂದಿನ ಕುದುರೆ ನಿಂತಿರುತ್ತದೆ. ಚಿತ್ರದಲ್ಲಿರುವ ಪ್ರಾಣಿಗಳೆಲ್ಲ ನಿಜ. ಅವುಗಳ ಮೂಳೆಗಳನ್ನು ಇವತ್ತಿಗೂ ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ತಪ್ಪಿರುವುದು ಅವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರಲ್ಲಿ.

ಕುದುರೆಯ ವಂಶ ಐದೂವರೆ ಕೋಟಿ ವರ್ಷಗಳಲ್ಲಿ ಹತ್ತಾರು ಕವಲಾಗಿ ಒಡೆಯಿತು. ಆ ಕವಲುಗಳಲ್ಲಿ ಬಹುಪಾಲು ಮೂರು ಬೆರಳಿನವು. ಒಂಟಿ ಗೊರಸಿನ ಕವಲು ಒಂದೇ ಇಂದಿಗೆ ಉಳಿದಿದೆ, ಅದಕ್ಕಾಗಿ ನಾವು ಉಳಿದವನ್ನೆಲ್ಲ ಅದರ ಕರಡು ಪ್ರತಿಗಳೆಂದು ತಿಳಿದುಬಿಟ್ಟಿದ್ದೇವೆ. ಹಾಗಲ್ಲ ಎನ್ನುವುದನ್ನು ಕಾಲು ಮತ್ತು ಹಲ್ಲು ಎರಡನ್ನೂ ಹತ್ತಿರದಿಂದ ನೋಡಿ ತೋರಿಸುವುದು ಈ ಉಪನ್ಯಾಸದ ಉದ್ದೇಶ.

ಸಾಲು ಹುಟ್ಟಿದ್ದು ಹೇಗೆ

ಇಂಗ್ಲೆಂಡಿನ ಕೆಂಟ್ ಕರಾವಳಿಯ ಜೇಡಿಮಣ್ಣಿನಲ್ಲಿ ಸಿಕ್ಕ ಒಂದು ಚಿಕ್ಕ ತಲೆಬುರುಡೆಗೆ ರಿಚರ್ಡ್ ಓವನ್ 1841ರಲ್ಲಿ ಹೈರಾಕೊಥೀರಿಯಮ್ ಎಂದು ಹೆಸರಿಟ್ಟರು. ಆಫ್ರಿಕದ ಹೈರಾಕ್ಸ್ ಎಂಬ ಸಣ್ಣ ಪ್ರಾಣಿಯ ಹೋಲಿಕೆ ಅವರಿಗೆ ಕಂಡಿತ್ತು, ಕುದುರೆಯ ನೆನಪು ಬರಲಿಲ್ಲ. ಮುಂದೆ ರಷ್ಯದ ವ್ಲಾದಿಮಿರ್ ಕೊವಲೆವ್ಸ್ಕಿ ಮತ್ತು ಇಂಗ್ಲೆಂಡಿನ ಥಾಮಸ್ ಹಕ್ಸ್‌ಲಿ ಯೂರೋಪಿನ ಪಳೆಯುಳಿಕೆಗಳನ್ನೇ ಇಟ್ಟುಕೊಂಡು ವಂಶಾವಳಿ ಕಟ್ಟಿದರು: ಪೇಲಿಯೊಥೀರಿಯಮ್ ಬಳಗ, ಆಂಕಿಥೀರಿಯಮ್, ಹಿಪ್ಪೇರಿಯನ್, ಕೊನೆಗೆ ಇಂದಿನ ಕುದುರೆ ಸೇರಿದ ಕುಲವಾದ ಈಕ್ವಸ್. ಕ್ರಮ ಸರಿಯಾಗಿಯೇ ಕಾಣುತ್ತಿತ್ತು.

1876ರ ಆಗಸ್ಟ್‌ನಲ್ಲಿ ಹಕ್ಸ್‌ಲಿ ಅಮೆರಿಕಕ್ಕೆ ಹೋಗಿ ಯೇಲ್ ವಿಶ್ವವಿದ್ಯಾಲಯದಲ್ಲಿ ಓ. ಸಿ. ಮಾರ್ಷ್ ಕೂಡಿಹಾಕಿದ್ದ ಮೂಳೆಗಳನ್ನು ನೋಡಿದರು. ಕೇಳಿದ ಹಂತದ ಕಾಲಿನ ಮೂಳೆ, ಹಲ್ಲು ಎಲ್ಲವೂ ಒಂದೊಂದಾಗಿ ಪೆಟ್ಟಿಗೆಯಿಂದ ಹೊರಬಂದವು. ಕುದುರೆಗಳು ಬೆಳೆದದ್ದು ಉತ್ತರ ಅಮೆರಿಕದಲ್ಲಿ ಎಂದು ಹಕ್ಸ್‌ಲಿ ಒಪ್ಪಿಕೊಂಡರು. ಮುಂದಿನ ತಿಂಗಳು ನ್ಯೂಯಾರ್ಕ್‌ನಲ್ಲಿ ಮಾಡಿದ ಭಾಷಣದಲ್ಲಿ ಅದನ್ನೇ ಹೇಳಿದರು. ಯೂರೋಪಿನ ಕುದುರೆಗಳು ಒಂದರಿಂದೊಂದು ಹುಟ್ಟಿದವಲ್ಲ. ಆಂಕಿಥೀರಿಯಮ್, ಹಿಪ್ಪೇರಿಯನ್, ಈಕ್ವಸ್ ಮೂರೂ ಬೇರೆ ಬೇರೆ ಕಾಲದಲ್ಲಿ ಅಮೆರಿಕದಿಂದ, ಅಲಾಸ್ಕವನ್ನು ಏಷ್ಯಕ್ಕೆ ಜೋಡಿಸಿದ್ದ ಬೇರಿಂಗ್ ಭೂಸೇತುವೆ ದಾಟಿ ಬಂದ ವಲಸಿಗರು. ಬಂದ ಹೊತ್ತಿನ ಕ್ರಮವನ್ನು ತಂದೆ-ಮಕ್ಕಳ ಕ್ರಮ ಎಂದು ಓದಲಾಗಿತ್ತು. ಪಳೆಯುಳಿಕೆ ಓದುವಾಗ ಈ ತಪ್ಪು ಇಂದಿಗೂ ಸುಲಭವಾಗಿ ಆಗುತ್ತದೆ.

ಮಾರ್ಷ್ ಅಮೆರಿಕದ ಅತಿ ಹಳೆಯ ಕುದುರೆಗೆ 1876ರಲ್ಲಿ ಇಯೊಹಿಪ್ಪಸ್ ಎಂದು ಹೆಸರಿಟ್ಟರು. 1879ರಲ್ಲಿ ಕಾಲು-ಹಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿದ ನಕ್ಷೆಯನ್ನು ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕದ ಚಿತ್ರ ಆ ನಕ್ಷೆಯ ಸಂತತಿ.

ಕಾಲನ್ನು ಓದುವ ಬಗೆ

ಮುಂದಿನ ಮಾತು ಅರ್ಥವಾಗಬೇಕಾದರೆ ಬದುಕಿರುವ ಕುದುರೆಯ ಮುಂಗಾಲು ಗೊತ್ತಿರಬೇಕು. ನಾವು ಮೊಣಕಾಲು ಎಂದು ಕರೆಯುವ ಕೀಲು ವಾಸ್ತವದಲ್ಲಿ ಮಣಿಕಟ್ಟು. ಅದರ ಕೆಳಗಿನ ನೇರವಾದ ಉದ್ದ ಮೂಳೆ ನಮ್ಮ ಅಂಗೈಯಲ್ಲಿ ನಡುಬೆರಳಿಗೆ ಆಧಾರವಾದ ಮೂಳೆ, ಅಂದರೆ ಮೂರನೆಯ ಅಂಗೈ ಮೂಳೆ. ಅದರ ಕೆಳಗೆ ನಡುಬೆರಳಿನ ಮೂರು ಗೆಣ್ಣುಗಳು. ಕೊನೆಯ ಗೆಣ್ಣು ಗೊರಸಿನೊಳಗಿದೆ, ಗೊರಸೇ ಉಗುರು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಕೀಲು ಹಿಮ್ಮಡಿ.

ಆ ಉದ್ದ ಮೂಳೆಯ ಹಿಂಬದಿಯಲ್ಲಿ ಎರಡೂ ಕಡೆ ಒಂದೊಂದು ತೆಳ್ಳನೆಯ ಮೂಳೆ ಅಂಟಿಕೊಂಡಿರುತ್ತದೆ. ಮೇಲೆ ದಪ್ಪ, ಕೆಳಗೆ ಬರುತ್ತ ಮೊನಚು, ನಡುಭಾಗ ದಾಟಿ ಸ್ವಲ್ಪ ಕೆಳಗೆ ಸಣ್ಣ ಗುಂಡಿಯಂಥ ತುದಿಯಾಗಿ ಮುಗಿಯುತ್ತದೆ. ಶಾಂತವಾಗಿ ನಿಂತ ಕುದುರೆಯ ಕಾಲನ್ನು ಎತ್ತಿ ಬೆರಳಾಡಿಸಿದರೆ ಆ ಗುಂಡಿ ಕೈಗೆ ಸಿಗುತ್ತದೆ. ಇವು ಎರಡನೆಯ ಮತ್ತು ನಾಲ್ಕನೆಯ ಬೆರಳಿನ ಅಂಗೈ ಮೂಳೆಗಳು, ಬೆರಳು ಹೋದ ಮೇಲೂ ಉಳಿದವು. ಇವಕ್ಕೆ ಕೆಲಸವೇ ಇಲ್ಲ ಎನ್ನುವ ಮಾತು ಸರಿಯಲ್ಲ. ಮೇಲ್ತುದಿ ಈಗಲೂ ಮಣಿಕಟ್ಟಿನ ಮೂಳೆಗಳನ್ನು ಹೊರುತ್ತದೆ, ಒಳಬದಿಯದಕ್ಕೆ ಹೊರೆ ಹೆಚ್ಚು.

ಬೆಂಗಳೂರು, ಮೈಸೂರಿನ ರೇಸ್ ಕುದುರೆಗಳನ್ನು ನೋಡಿಕೊಳ್ಳುವವರಿಗೆ 'ಸ್ಪ್ಲಿಂಟ್' ಎಂಬ ತೊಂದರೆ ಹೊಸದಲ್ಲ. ಎರಡರಿಂದ ನಾಲ್ಕು ವರ್ಷದ ಎಳೆ ಕುದುರೆಯನ್ನು ಗಟ್ಟಿ ನೆಲದಲ್ಲಿ ಅತಿಯಾಗಿ ಓಡಿಸಿದಾಗ ಈ ಮೂಳೆಯನ್ನು ನಡುಮೂಳೆಗೆ ಬಿಗಿದ ನಾರು ಹರಿಯುತ್ತದೆ. ಉರಿಯೂತವಾಗಿ ಅಲ್ಲಿ ಹೊಸ ಮೂಳೆ ಕಟ್ಟುತ್ತದೆ, ಮಣಿಕಟ್ಟಿನ ಕೆಳಗೆ ಒಳಬದಿಯಲ್ಲಿ ಬಿಸಿಯಾದ ಗಂಟು ಕಾಣುತ್ತದೆ. ಹೊರೆ ಹೆಚ್ಚಿರುವುದು ಒಳಬದಿಗಾದ್ದರಿಂದ ಗಂಟೂ ಹೆಚ್ಚಾಗಿ ಅಲ್ಲೇ ಬರುತ್ತದೆ. ವಯಸ್ಸಾದಂತೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಆ ಅಪಾಯ ಕಡಿಮೆಯಾಗುತ್ತದೆ. ಕೋಟಿ ವರ್ಷಗಳ ಹಿಂದಿನ ಬೆರಳು ಇವತ್ತಿನ ಲಾಯದಲ್ಲಿ ಕೊಡುವ ತೊಂದರೆ ಇದು.

ಮೊದಲ ಕುದುರೆಗಳು

ಸುಮಾರು 5.6 ಕೋಟಿ ವರ್ಷಗಳ ಹಿಂದೆ ಭೂಮಿ ಒಮ್ಮೆಲೇ ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿಯಾಯಿತು. ಆ ಬಿಸಿಯ ಹೊತ್ತಿನ ಪದರಗಳಲ್ಲೇ ಅಮೆರಿಕದ ವಯೋಮಿಂಗ್‌ನ ಬಿಗ್‌ಹಾರ್ನ್ ಜಲಾನಯನದಲ್ಲಿ ಮೊದಲ ಕುದುರೆಗಳು ಕಾಣುತ್ತವೆ. ಅವುಗಳಲ್ಲೊಂದು ಸಿಫ್ರಿಪ್ಪಸ್. ಅದರ ಹಲ್ಲುಗಳನ್ನು ಪದರ ಪದರವಾಗಿ ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೊದಲು ಸುಮಾರು 5.6 ಕಿಲೊ ತೂಗುತ್ತಿದ್ದ ಪ್ರಾಣಿ, ಬಿಸಿ ಏರಿದಂತೆ 1,30,000 ವರ್ಷಗಳಲ್ಲಿ 3.9 ಕಿಲೊಗೆ ಇಳಿಯಿತು. ವಾತಾವರಣ ತಣ್ಣಗಾದಾಗ 45,000 ವರ್ಷಗಳಲ್ಲಿ ಏಳು ಕಿಲೊಗೆ ಏರಿತು. ಕುದುರೆ ದಿನೇ ದಿನೇ ದೊಡ್ಡದಾಗುತ್ತ ಬಂತು ಎಂಬ ನಂಬಿಕೆ ವಂಶದ ಮೊದಲ ಪುಟದಲ್ಲೇ ಸುಳ್ಳಾಗುತ್ತದೆ.

ಈ ಪ್ರಾಣಿಗಳ ಮುಂಗಾಲಿನಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಮೂರು. ಹಲ್ಲು ಗಿಡ್ಡ, ಮೇಲ್ಮೈಯಲ್ಲಿ ಉಬ್ಬುಗಳು. ಮೆತ್ತಗಿನ ಎಲೆ, ಹಣ್ಣು ಜಗಿಯುವುದಕ್ಕೆ ಒಗ್ಗಿದ ಬಾಯಿ. ಹಿಂದೆ ಇವನ್ನೆಲ್ಲ ಓವನ್ನರ ಹೈರಾಕೊಥೀರಿಯಮ್ ಎಂಬ ಒಂದೇ ಹೆಸರಿನಡಿ ಹಾಕುತ್ತಿದ್ದರು. 2002ರ ಮರುಪರಿಶೀಲನೆಯಲ್ಲಿ ಅವು ಹಲವು ಕುಲಗಳಾಗಿ ಒಡೆದವು. ಕೆಂಟ್‌ನ ಮೂಲ ಪ್ರಾಣಿ ಪಕ್ಕದ ಪೇಲಿಯೊಥೀರ್ ಗುಂಪಿಗೆ ಹತ್ತಿರದ್ದು ಎಂಬುದು ಈಗ ಹಲವು ತಜ್ಞರ ನಿಲುವು. ಹಳೆಯ ಪುಸ್ತಕಗಳಲ್ಲಿ ಹೈರಾಕೊಥೀರಿಯಮ್ ಎಂದಿರುವಲ್ಲಿ ಹೆಚ್ಚಾಗಿ ಇಯೊಹಿಪ್ಪಸ್ ಅಥವಾ ಅದರ ಬಂಧುಗಳು ಎಂದು ಓದಿಕೊಳ್ಳಬೇಕು.

ಭಾರತಕ್ಕೂ ಈ ಆರಂಭದಲ್ಲಿ ಪಾಲಿದೆ. ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಕ್ಯಾಂಬೇಥೀರಿಯಮ್ ಸುಮಾರು 5.45 ಕೋಟಿ ವರ್ಷ ಹಳೆಯದು. 2005ರಲ್ಲಿ ಅದಕ್ಕೆ ಹೆಸರಿಟ್ಟರು. ಕುದುರೆ, ಘೇಂಡಾಮೃಗ, ಟೇಪಿರ್‌ಗಳು ಸೇರಿದ ಬೆಸಬೆರಳಿನ ಪ್ರಾಣಿಗಳ ಗುಂಪಿಗೆ ಅದು ಅತಿ ಹತ್ತಿರದ ಪಕ್ಕದ ಕವಲು. ಭಾರತ ಏಷ್ಯಕ್ಕೆ ಪೂರ್ತಿ ಅಂಟುವ ಮೊದಲೇ ಈ ಇಡೀ ಗುಂಪಿನ ಮೂಲ ಇಲ್ಲಿ ರೂಪುಗೊಂಡಿರಬಹುದು ಎಂಬ ವಾದ ಅದರಿಂದ ಬಲ ಪಡೆಯಿತು. ಕ್ಯಾಂಬೇಥೀರಿಯಮ್ ಬದುಕಿದ್ದ ಹೊತ್ತಿಗೆ ಅಮೆರಿಕದಲ್ಲಿ ನಿಜವಾದ ಕುದುರೆಗಳು ಆಗಲೇ ಇದ್ದವು. ಹಾಗಾಗಿ ಅದನ್ನು ಕುದುರೆಯ ಅಜ್ಜಿ ಎನ್ನಲಾಗದು. ಅಜ್ಜಿಯ ಮುಖಚರ್ಯೆ ಉಳಿಸಿಕೊಂಡ ದೂರದ ಸಂಬಂಧಿ ಎನ್ನಬಹುದು.

ಜರ್ಮನಿಯ ಮೆಸ್ಸೆಲ್ ಗಣಿಯ ಒಂದು ಪಳೆಯುಳಿಕೆಯನ್ನು ಇಲ್ಲಿ ಬಿಡುವಂತಿಲ್ಲ. 4.7 ಕೋಟಿ ವರ್ಷ ಹಳೆಯ, ಭುಜದೆತ್ತರ ಒಂದಡಿ ಇದ್ದ ಯೂರೊಹಿಪ್ಪಸ್ ಹೆಣ್ಣಿನ ಹೊಟ್ಟೆಯಲ್ಲಿ ಮರಿ ಸಮೇತ ಗರ್ಭಕೋಶದ ಗುರುತೂ ಉಳಿದಿದೆ. ಮರಿಯ ಉದ್ದ ಸುಮಾರು 12.5 ಸೆಂಟಿಮೀಟರ್. ಆ ಗರ್ಭದ ರಚನೆ ಇಂದಿನ ಕುದುರೆಯದಕ್ಕೆ ಬಹಳ ಹತ್ತಿರ. ಕಾಲು, ಹಲ್ಲು ಬದಲಾಗುವ ಎಷ್ಟೋ ಮೊದಲೇ ಹೆರಿಗೆಯ ವ್ಯವಸ್ಥೆ ಸಿದ್ಧವಾಗಿತ್ತು.

ನಂತರದ ಓರೊಹಿಪ್ಪಸ್, ಎಪಿಹಿಪ್ಪಸ್‌ಗಳಲ್ಲಿ ಬೆರಳು ಬದಲಾಗಲಿಲ್ಲ, ಬದಲಾದದ್ದು ಮುಂದವಡೆಯ ಹಲ್ಲುಗಳು. ಓರೊಹಿಪ್ಪಸ್‌ನಲ್ಲಿ ಒಂದು ಮುಂದವಡೆ ಹಲ್ಲು ಹಿಂದವಡೆಯದರ ಹಾಗೆ ಅರೆಯುವ ಹಲ್ಲಾಯಿತು, ಎಪಿಹಿಪ್ಪಸ್‌ನಲ್ಲಿ ಎರಡು, ಸುಮಾರು 4 ಕೋಟಿ ವರ್ಷ ಹಿಂದಿನ ಮೆಸೊಹಿಪ್ಪಸ್‌ನಲ್ಲಿ ಮೂರು. ಇಂದಿನ ಕುದುರೆಗೆ ಒಂದೊಂದು ಬದಿಯಲ್ಲಿ ಆರು ಅರೆಯುವ ಹಲ್ಲಿರುವುದು ಆಗ ಆದ ವ್ಯವಸ್ಥೆ. ಎಲ್ಲಕ್ಕಿಂತ ಮುಂದಿನದೊಂದು ಹಲ್ಲು ಮಾತ್ರ ಕುಗ್ಗುತ್ತ ಬಂತು. ಕೆಲವು ಕುದುರೆಗಳಲ್ಲಿ ಅದು ಈಗಲೂ ಮೊಳೆಯುತ್ತದೆ, ಕಡಿವಾಣ ತಾಗಿ ನೋವಾಗುತ್ತದೆಂದು ವೈದ್ಯರು ಕೀಳುವ 'ವುಲ್ಫ್ ಟೂತ್' ಅದೇ.

ಮೆಸೊಹಿಪ್ಪಸ್ ಆದಮೇಲೆ ಮಯೊಹಿಪ್ಪಸ್ ಎಂದು ಚಿತ್ರ ಹೇಳುತ್ತದೆ. ಇವೆರಡನ್ನೂ ಬೇರ್ಪಡಿಸುವ ಗುರುತು ಸಣ್ಣದು: ಹಿಂಗಾಲಿನ ನಡುಮೂಳೆಯ ಮೇಲ್ತುದಿಯಲ್ಲಿ ಪಕ್ಕದ ಕ್ಯೂಬಾಯ್ಡ್ ಮೂಳೆಗೆ ತಾಗುವ ಚಪ್ಪಟೆ ಮುಖ ಮಯೊಹಿಪ್ಪಸ್‌ನಲ್ಲಿ ಚೆನ್ನಾಗಿ ಬೆಳೆದಿರುತ್ತದೆ. ಡೊನಾಲ್ಡ್ ಪ್ರೊಥೆರೊ ಮತ್ತು ನೀಲ್ ಶೂಬಿನ್ 1989ರಲ್ಲಿ ಈ ಗುರುತಿನಿಂದಲೇ ಸಂಗ್ರಹಗಳನ್ನು ಜಾಲಾಡಿದಾಗ ಎರಡೂ ಕುಲಗಳು ಕನಿಷ್ಠ 40 ಲಕ್ಷ ವರ್ಷ ಜೊತೆಯಲ್ಲೇ ಬದುಕಿದ್ದು ಗೊತ್ತಾಯಿತು. ಅಪ್ಪ ಪೂರ್ತಿ ಮಗನಾಗಿ ಮಾರ್ಪಡಲಿಲ್ಲ. ಮಗ ಬೇರೆ ಮನೆ ಮಾಡಿದ ಮೇಲೂ ಅಪ್ಪನ ಮನೆ ನಡೆದೇ ಇತ್ತು.

ಹಲ್ಲು: ಬದಲಾವಣೆಯ ಅತಿ ದೊಡ್ಡ ಕತೆ

ಕುದುರೆಯ ಇತಿಹಾಸದ ಹೆಚ್ಚಿನ ಸಾಕ್ಷ್ಯ ಇರುವುದು ಹಲ್ಲಿನಲ್ಲಿ. ದೇಹದಲ್ಲಿ ಅತಿ ಗಟ್ಟಿಯಾದದ್ದು ಅದೇ, ಉಳಿಯುವುದೂ ಅದೇ.

ಇಂದಿನ ಎಳೆ ಕುದುರೆಯ ದವಡೆಹಲ್ಲನ್ನು ಹೊರತೆಗೆದು ನೋಡಿದರೆ ಏಳೆಂಟು ಸೆಂಟಿಮೀಟರ್ ಉದ್ದದ ಚೌಕಾಕಾರದ ಕಂಬ. ಹೊರಗೆ ಕಾಣುವುದು ಅದರ ತುದಿ ಮಾತ್ರ, ಉಳಿದದ್ದು ದವಡೆಯೊಳಗೆ ದಾಸ್ತಾನು. ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಸವೆಯುತ್ತದೆ, ಅಷ್ಟೇ ಮೇಲಕ್ಕೆ ಬರುತ್ತದೆ. ಲೆಕ್ಕ ಹಾಕಿದರೆ 25-30 ವರ್ಷಕ್ಕೆ ದಾಸ್ತಾನು ಖಾಲಿ. ಮುದಿ ಕುದುರೆ ಮೇವು ತಿಂದೂ ಸೊರಗುವುದಕ್ಕೆ ಇದೊಂದು ಕಾರಣ.

ಆ ಕಂಬದಲ್ಲಿ ಮೂರು ವಸ್ತುಗಳು ಮಡಿಕೆ ಮಡಿಕೆಯಾಗಿ ಹೆಣೆದುಕೊಂಡಿವೆ: ಅತಿ ಗಟ್ಟಿಯಾದ ಎನಾಮೆಲ್, ಅದಕ್ಕಿಂತ ಮೆದುವಾದ ಡೆಂಟಿನ್, ಮಡಿಕೆಗಳ ನಡುವೆ ತುಂಬಿದ ಸಿಮೆಂಟಮ್. ಮೆದುವಾದದ್ದು ಬೇಗ ಸವೆಯುತ್ತದೆ, ಎನಾಮೆಲ್ ಏಣುಗಳಾಗಿ ಎದ್ದು ನಿಲ್ಲುತ್ತದೆ. ಬೀಸುಕಲ್ಲು ನುಣ್ಣಗಾದರೆ ಉಳಿ ಹಿಡಿದು ಮತ್ತೆ ಕೆತ್ತಿಸಬೇಕು. ಕುದುರೆಯ ಹಲ್ಲಿಗೆ ಸವೆತವೇ ಆ ಉಳಿಯ ಕೆಲಸ ಮಾಡುತ್ತದೆ. ಸುಮಾರು 1.7 ಕೋಟಿ ವರ್ಷಗಳ ಹಿಂದೆ ಪ್ಯಾರಾಹಿಪ್ಪಸ್‌ನ ಕವಲಿನಿಂದ ಬಂದ ಮೆರಿಕಿಪ್ಪಸ್‌ನಲ್ಲಿ ಉದ್ದ ಹಲ್ಲು ಮತ್ತು ಸಿಮೆಂಟಮ್ ತುಂಬಿದ ಮಡಿಕೆ ಎರಡೂ ಸ್ಪಷ್ಟವಾಗಿ ಕಾಣುತ್ತವೆ.

ಕಾರಣ ಹುಲ್ಲು ಎಂದು ನೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಹುಲ್ಲಿನ ಎಲೆಯಲ್ಲಿ ಸಿಲಿಕದ ಸೂಕ್ಷ್ಮ ಕಣಗಳಿವೆ, ಅವು ಹಲ್ಲನ್ನು ತೇಯುತ್ತವೆ. ಈ ವಿವರಣೆ ಅರ್ಧ ಸರಿ. ಮಣ್ಣಿನಲ್ಲಿ ಉಳಿದ ಆ ಸಿಲಿಕ ಕಣಗಳನ್ನೇ ಎಣಿಸಿ ನೋಡಿದಾಗ, ಅಮೆರಿಕದ ನಡುಭಾಗದ ಬಯಲಿನಲ್ಲಿ ಹುಲ್ಲುಗಾವಲು ಹರಡಿದ ಕನಿಷ್ಠ 40 ಲಕ್ಷ ವರ್ಷಗಳ ನಂತರವೇ ಕುದುರೆಯ ಹಲ್ಲು ಉದ್ದವಾಯಿತು ಎಂದು ತಿಳಿದುಬಂತು. 2011ರಲ್ಲಿ 6,500ಕ್ಕೂ ಹೆಚ್ಚು ಹಲ್ಲುಗಳ ಸವೆತವನ್ನು ಅಳೆದ ಅಧ್ಯಯನವೂ ಆಹಾರ ಮೊದಲು ಬದಲಾಯಿತು, ಹಲ್ಲು ಹಿಂದೆ ಬಿದ್ದು ನಿಧಾನವಾಗಿ ಬಂತು ಎಂದೇ ತೋರಿಸಿತು. ತೆರೆದ ಬಯಲಿನಲ್ಲಿ ನೆಲಕ್ಕೆ ಬಾಯಿ ಹಾಕಿ ಮೇಯುವಾಗ ಹುಲ್ಲಿನ ಜೊತೆ ಧೂಳು, ಮರಳು, ಜ್ವಾಲಾಮುಖಿಯ ಬೂದಿಯೂ ಬಾಯಿಗೆ ಹೋಗುತ್ತದೆ. ಅವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ವಿವರಣೆ ಪೂರ್ಣವಲ್ಲ.

ಉದ್ದ ಹಲ್ಲು ಇದ್ದ ಮಾತ್ರಕ್ಕೆ ಹುಲ್ಲೇ ತಿನ್ನುತ್ತಿತ್ತು ಎನ್ನುವಂತಿಲ್ಲ. ಇದನ್ನು ಎನಾಮೆಲ್‌ನಲ್ಲಿರುವ ಇಂಗಾಲದ ಐಸೊಟೋಪುಗಳಿಂದ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಇಂಗಾಲದ ಪರಮಾಣುಗಳಿಂದ, ಪರೀಕ್ಷಿಸುತ್ತಾರೆ. ಜೋಳ, ರಾಗಿ, ಕಬ್ಬು ಸೇರಿದ ಬಿಸಿನಾಡಿನ ಹುಲ್ಲುಗಳು ಇಂಗಾಲವನ್ನು ಹಿಡಿಯುವ ರೀತಿ ಒಂದು, ಭತ್ತ, ಗೋಧಿ, ಮರಗಿಡಗಳ ರೀತಿ ಇನ್ನೊಂದು. ತಿಂದದ್ದರ ಗುರುತು ಹಲ್ಲಿನಲ್ಲಿ ಉಳಿಯುತ್ತದೆ. ಫ್ಲಾರಿಡದಲ್ಲಿ 50 ಲಕ್ಷ ವರ್ಷ ಹಿಂದೆ ಒಟ್ಟಿಗೆ ಬದುಕಿದ್ದ ಆರು ಬಗೆಯ ಕುದುರೆಗಳ ಹಲ್ಲನ್ನು ಹೀಗೆ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದರು. ಆರಕ್ಕೂ ಹಲ್ಲು ಉದ್ದ. ಆದರೆ ಕೆಲವು ಹುಲ್ಲು ಮೇಯುತ್ತಿದ್ದವು, ಕೆಲವು ಎರಡನ್ನೂ, ಇನ್ನು ಕೆಲವು ಮರಳಿ ಎಲೆಗೆ ಹೋಗಿದ್ದವು.

ಬಿಡಿ ಹಲ್ಲಿನಿಂದ ಆಗುವ ಎಡವಟ್ಟು ಇನ್ನೊಂದಿದೆ. ಹಲ್ಲು ಸವೆದಂತೆ ಮೇಲ್ಮೈಯ ಎನಾಮೆಲ್ ವಿನ್ಯಾಸ ಬದಲಾಗುತ್ತದೆ. ಒಂದೇ ಪ್ರಭೇದದ ಎಳೆಯ, ನಡುವಯಸ್ಸಿನ, ಮುದಿ ಕುದುರೆಗಳ ಹಲ್ಲು ಮೂರು ಬಗೆಯಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದು ಹಲ್ಲಿಗೆ ಒಂದೊಂದು ಹೆಸರಿಟ್ಟು ಪ್ರಭೇದಗಳ ಪಟ್ಟಿ ಬೆಳೆಸಿಬಿಟ್ಟರು. ಈಗ ಹಲ್ಲಿನ ಎತ್ತರ ಅಳೆದು, ಸವೆತದ ಒಂದೇ ಹಂತದಲ್ಲಿರುವುದನ್ನು ಮಾತ್ರ ಪರಸ್ಪರ ಹೋಲಿಸುತ್ತಾರೆ.

ಈ ಹಲ್ಲಿನ ಇತಿಹಾಸ ಗೊತ್ತಿದ್ದರೆ ಲಾಯದ ಒಂದು ಸಮಸ್ಯೆಯೂ ಅರ್ಥವಾಗುತ್ತದೆ. ಕುದುರೆಯ ಮೇಲ್ದವಡೆ ಕೆಳದವಡೆಗಿಂತ ಅಗಲ. ದಿನವಿಡೀ ಒರಟು ಹುಲ್ಲನ್ನು ಅಡ್ಡಡ್ಡ ಅರೆದರೆ ಹಲ್ಲು ಒಂದೇ ಸಮ ಸವೆಯುತ್ತದೆ. ದಾಣಿಯನ್ನೇ ಹೆಚ್ಚಾಗಿ ಕೊಟ್ಟರೆ ದವಡೆ ಅಷ್ಟು ಅಗಲಕ್ಕೆ ಆಡುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಚೂಪಾಗಿ ಕೆನ್ನೆ, ನಾಲಗೆ ಕೊಯ್ಯುತ್ತವೆ. ಕುದುರೆ ಅರೆಬರೆ ಜಗಿದ ಹುಲ್ಲಿನ ಉಂಡೆಯನ್ನು ಉಗುಳಲು ತೊಡಗಿದರೆ ಬಾಯಿ ತೋರಿಸಬೇಕು. ವೈದ್ಯರು ಅರದಿಂದ ಅಂಚನ್ನು ತೇಯುತ್ತಾರೆ.

ಬೂದಿಯಡಿಯ ಐದು ಕುಲ

ಅಮೆರಿಕದ ನೆಬ್ರಾಸ್ಕದ ಆಷ್‌ಫಾಲ್ ಎಂಬಲ್ಲಿ ಒಂದು ಹಳೆಯ ನೀರುಗುಂಡಿಯಿದೆ. ಸುಮಾರು 1.2 ಕೋಟಿ ವರ್ಷಗಳ ಹಿಂದೆ ಸಾವಿರದೈನೂರು ಕಿಲೊಮೀಟರಿಗೂ ಆಚೆ, ಐಡಹೊದಲ್ಲಿ ಸಿಡಿದ ಮಹಾ ಜ್ವಾಲಾಮುಖಿಯ ಬೂದಿ ಇಲ್ಲಿ ಬಿತ್ತು. ಆ ಬೂದಿ ಗಾಜಿನ ಚೂರು. ಉಸಿರಿನಲ್ಲಿ ಹೋಗಿ ಶ್ವಾಸಕೋಶ ಕೆಟ್ಟವು, ಕೆಟ್ಟದ್ದಕ್ಕೆ ಸಾಕ್ಷಿಯಾಗಿ ಮೂಳೆಗಳ ಮೇಲೆ ಸ್ಪಂಜಿನಂಥ ಅಸಹಜ ಬೆಳವಣಿಗೆ ಉಳಿದಿದೆ. ಗುಂಡಿಯ ತಳದಲ್ಲಿ ಹಕ್ಕಿ, ಆಮೆ. ಅದರ ಮೇಲೆ ಕುದುರೆ, ಒಂಟೆ. ಎಲ್ಲಕ್ಕಿಂತ ಮೇಲೆ ಘೇಂಡಾಮೃಗಗಳು. ಚಿಕ್ಕ ಮೈಯವು ಬೇಗ ಸತ್ತವು, ದೊಡ್ಡವು ಕೆಲವು ವಾರ ತಡೆದುಕೊಂಡವು. 1971ರಲ್ಲಿ ಮೈಕ್ ವೂರೀಸ್ ಇದನ್ನು ಗುರುತಿಸಿದರು.

ಆ ಒಂದೇ ಗುಂಡಿಯಲ್ಲಿ ಐದು ಕುಲದ ಕುದುರೆಗಳಿವೆ: ಕಾರ್ಮೊಹಿಪ್ಪೇರಿಯನ್, ನಿಯೊಹಿಪ್ಪೇರಿಯನ್, ಸ್ಯೂಡಿಪ್ಪೇರಿಯನ್, ಪ್ರೊಟೊಹಿಪ್ಪಸ್, ಪ್ಲಯೊಹಿಪ್ಪಸ್. ಅಸ್ಥಿಪಂಜರಗಳು ಪೂರ್ತಿ, ಬೆರಳಿನ ಗೆಣ್ಣುಗಳು ಅವುಗಳ ಜಾಗದಲ್ಲೇ. ಪ್ಲಯೊಹಿಪ್ಪಸ್ ಬಿಟ್ಟು ಉಳಿದವೆಲ್ಲ ಮೂರು ಬೆರಳಿನವು. ಪ್ಲಯೊಹಿಪ್ಪಸ್‌ನಲ್ಲಂತೂ ಕೆಲವಕ್ಕೆ ಪಕ್ಕದ ಸಣ್ಣ ಬೆರಳಿದೆ, ಕೆಲವಕ್ಕೆ ಇಲ್ಲ. ಬೆರಳು ಹೋಗುವ ಪ್ರಕ್ರಿಯೆ ಒಂದೇ ಹಿಂಡಿನೊಳಗೆ ನಡೆಯುತ್ತಿದ್ದ ಹೊತ್ತಿನಲ್ಲೇ ಬೂದಿ ಬಿದ್ದು ಅದನ್ನು ಹಾಗೇ ಹಿಡಿದಿಟ್ಟಿದೆ. ಪಠ್ಯಪುಸ್ತಕದ ಸಾಲನ್ನು ಮುರಿಯಲು ಇದಕ್ಕಿಂತ ಒಳ್ಳೆಯ ಜಾಗ ನಮಗೆ ಗೊತ್ತಿಲ್ಲ.

ಬೆರಳು ಹೋದದ್ದೇಕೆ? 2017ರಲ್ಲಿ ಪಳೆಯುಳಿಕೆಗಳ ಕಾಲುಮೂಳೆಯ ಅಡ್ಡಕೊಯ್ತವನ್ನು ಸ್ಕ್ಯಾನ್ ಮಾಡಿ ಬಲ ಲೆಕ್ಕ ಹಾಕಿದರು. ಮೈ ತೂಕ ಹೆಚ್ಚಿ ಪಕ್ಕದ ಬೆರಳುಗಳು ಕುಗ್ಗಿದಂತೆ ನಡುಮೂಳೆಯ ಗೋಡೆ ಬಲಗೊಂಡು ಪೂರ್ತಿ ಹೊರೆ ತಾನೇ ತೆಗೆದುಕೊಂಡಿತು ಎನ್ನುವುದು ಅದರ ಸಾರ. ಓಡುವಾಗ ಕಾಲಿನ ತುದಿ ಹಗುರವಾದಷ್ಟೂ ಅದನ್ನು ಬೀಸಲು ಶಕ್ತಿ ಕಡಿಮೆ ಸಾಕು. ಆದರೆ ಮೂರು ಬೆರಳಿನವು ಓಟದಲ್ಲಿ ಕಳಪೆಯಾಗಿದ್ದವು ಎನ್ನುವಂತಿಲ್ಲ. ತಾಂಜಾನಿಯದ ಲಯೆಟೋಲಿಯಲ್ಲಿ ಸುಮಾರು 36 ಲಕ್ಷ ವರ್ಷ ಹಳೆಯ ಹಿಪ್ಪೇರಿಯನ್ ಹೆಜ್ಜೆಗುರುತುಗಳಿವೆ, ಅವು ಇಂದಿನ ಕೆಲವು ತಳಿಗಳ ವೇಗದ ನಡಿಗೆಯನ್ನೇ ತೋರಿಸುತ್ತವೆ.

ಹಿಪ್ಪೇರಿಯನ್‌ಗಳು ಸುಮಾರು 1.1 ಕೋಟಿ ವರ್ಷಗಳ ಹಿಂದೆ ಅಮೆರಿಕದಿಂದ ಹೊರಟು ಏಷ್ಯ, ಯೂರೋಪು, ಆಫ್ರಿಕ ತುಂಬಿದವು. ಹಿಮಾಲಯದ ಬುಡದ ಶಿವಾಲಿಕ್ ಪದರಗಳಲ್ಲಿ ಅವುಗಳ ಹಲ್ಲು ಸಾಕಷ್ಟು ಸಿಗುತ್ತದೆ. ಈಕ್ವಸ್ ಶಿವಾಲಿಕ್‌ಗೆ ಬಂದದ್ದು ಸುಮಾರು 26 ಲಕ್ಷ ವರ್ಷಗಳ ಹಿಂದೆ. ಎರಡರ ಮೇಲ್ದವಡೆ ಹಲ್ಲನ್ನು ಗುರುತಿಸುವುದು ಕಷ್ಟವಲ್ಲ. ಹಲ್ಲಿನ ಒಳಬದಿಯಲ್ಲಿ ಪ್ರೊಟೊಕೋನ್ ಎಂಬ ಎನಾಮೆಲ್ ಸುತ್ತು ಇರುತ್ತದೆ. ಅದು ದ್ವೀಪದಂತೆ ಬಿಡಿಯಾಗಿದ್ದರೆ ಹಿಪ್ಪೇರಿಯನ್, ಉಳಿದ ವಿನ್ಯಾಸಕ್ಕೆ ಸೇರಿಕೊಂಡಿದ್ದರೆ ಈಕ್ವಸ್. ತೀರ ಸವೆದ ಹಲ್ಲಿನಲ್ಲಿ ಹಿಪ್ಪೇರಿಯನ್‌ನದೂ ಸೇರಿಕೊಂಡಂತೆ ಕಾಣಬಹುದು, ಅಲ್ಲಿ ಎಚ್ಚರ ಬೇಕು. ಆಫ್ರಿಕದಲ್ಲಿ ಈ ಮೂರು ಬೆರಳಿನ ಬಳಗ ಈಕ್ವಸ್ ಬಂದ ಮೇಲೂ ಬಹಳ ಕಾಲ ಅದರ ಪಕ್ಕದಲ್ಲೇ ಮೇಯುತ್ತಿತ್ತು.

ಉಳಿದ ಒಂದು ಕವಲು

ಕೆನಡದ ಯೂಕಾನ್‌ನಲ್ಲಿ ಹೆಪ್ಪುಗಟ್ಟಿದ ನೆಲದಲ್ಲಿ ಸಿಕ್ಕ ಸುಮಾರು 7 ಲಕ್ಷ ವರ್ಷ ಹಳೆಯ ಕಾಲುಮೂಳೆಯಿಂದ 2013ರಲ್ಲಿ ಪೂರ್ತಿ ಜೀನೋಮ್ ಓದಿದರು. ಅದರ ಪ್ರಕಾರ ಇಂದಿನ ಕುದುರೆ, ಕತ್ತೆ, ಜೀಬ್ರಾಗಳೆಲ್ಲದರ ಸಾಮಾನ್ಯ ಪೂರ್ವಜ ಬದುಕಿದ್ದದ್ದು 40ರಿಂದ 45 ಲಕ್ಷ ವರ್ಷಗಳ ಹಿಂದೆ. ಐಡಹೊದ ಹೇಗರ್‌ಮನ್‌ನಲ್ಲಿ ಸಿಕ್ಕ ಈಕ್ವಸ್ ಸಿಂಪ್ಲಿಸಿಡೆನ್ಸ್ ಸುಮಾರು 35 ಲಕ್ಷ ವರ್ಷದ್ದು. ಅದೇ ಕುಲ ಏಷ್ಯಕ್ಕೂ ದಕ್ಷಿಣ ಅಮೆರಿಕಕ್ಕೂ ಹರಡಿತು. ಹುಟ್ಟಿದ ಅಮೆರಿಕದಲ್ಲಿ ಮಾತ್ರ ಸುಮಾರು 10,000 ವರ್ಷಗಳ ಹಿಂದೆ ಅಳಿಯಿತು. 1493ರಲ್ಲಿ ಕೊಲಂಬಸ್‌ನ ಎರಡನೆಯ ಪಯಣದ ಹಡಗುಗಳಲ್ಲಿ ಮರಳಿ ಹೋಯಿತು. ನಾವು ಸಾಕಿದ ಕುದುರೆಯ ಮೂಲವನ್ನು 2021ರ ಡಿಎನ್‌ಎ ಅಧ್ಯಯನ ವೋಲ್ಗ-ಡಾನ್ ನದಿಗಳ ಕೆಳಸೀಮೆಗೆ ಒಯ್ಯುತ್ತದೆ, ಅಲ್ಲಿಂದ ಅವು ಹರಡಿದ್ದು ಕ್ರಿ.ಪೂ. 2200ರ ಸುಮಾರಿಗೆ.

ಇಂದು ಈ ಇಡೀ ಬಳಗದಲ್ಲಿ ಉಳಿದಿರುವ ಕುಲ ಒಂದೇ. ಅದರಲ್ಲಿ ಭಾರತದ ಪಾಲಿಗೆ ಕಾಡಿನಲ್ಲಿ ಉಳಿದದ್ದು ಕಛ್‌ನ ಕಾಡುಕತ್ತೆ ಮತ್ತು ಲಡಾಖ್‌ನ ಕಿಯಾಂಗ್.

ಕಳೆದುಹೋದ ಬೆರಳು ಮತ್ತೆ ಬರುತ್ತದೆಯೇ ಎಂಬ ಪ್ರಶ್ನೆ ಈ ವಿಷಯದಲ್ಲಿ ಯಾವಾಗಲೂ ಏಳುತ್ತದೆ. ಅಪರೂಪಕ್ಕೆ ಬರುತ್ತದೆ, ಹೆಚ್ಚಾಗಿ ಮುಂಗಾಲಿನ ಒಳಬದಿಯಲ್ಲಿ. 1892ರಲ್ಲಿ ಮಾರ್ಷ್ ಇಂಥ ಕುದುರೆಗಳ ಬಗ್ಗೆಯೇ ಬರೆದರು. ಆದರೆ ಹೆಚ್ಚುವರಿ ಬೆರಳೆಲ್ಲ ಪೂರ್ವಜರದಲ್ಲ. ಎಕ್ಸ್-ರೇ ತೆಗೆದಾಗ ಆ ಬೆರಳು ಪಕ್ಕದ ತೆಳ್ಳನೆಯ ಮೂಳೆಯ ತುದಿಗೆ ಕೀಲಿನಿಂದ ಜೋಡಿದ್ದರೆ ಅದು ಮರಳಿ ಬಂದ ಎರಡನೆಯ ಬೆರಳು. ನಡುಬೆರಳೇ ಗೆಣ್ಣಿನಿಂದ ಕೆಳಗೆ ಎರಡಾಗಿ ಸೀಳಿದ್ದರೆ ಅದು ಬೆಳವಣಿಗೆಯ ದೋಷ, ಪೂರ್ವಜರಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ಬಗೆಯದನ್ನು ಮರಿ ಚಿಕ್ಕದಿರುವಾಗಲೇ ತೆಗೆದುಹಾಕಬಹುದು, ಏಕೆಂದರೆ ಮೈಭಾರ ಹೊರುವುದು ನಡುಬೆರಳು. ಎರಡನೆಯದರಲ್ಲಿ ಭಾರ ಹೊರುವ ಬೆರಳೇ ಸೀಳಿರುವುದರಿಂದ ಶಸ್ತ್ರಚಿಕಿತ್ಸೆ ಕಷ್ಟ. ಕತ್ತಿ ಹಿಡಿಯುವ ಮೊದಲು ಎಕ್ಸ್-ರೇ ನೋಡಲೇಬೇಕು.